ಜಾಹೀರಾತಿನ ಲೆಕ್ಕ ತರುವ ತಂತ್ರಾಂಶ: ತೆಂಗು ಉತ್ಪಾದಕರ ಸಂಘಗಳಿಗೆ ಕೈಪಿಡಿ ಏಕೆ ಬೇಕು?

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗು ರೈತನ ಮುಖ್ಯ ಆಧಾರ. ಇಲ್ಲಿಯ ಉಂಡೆ ಕೊಬ್ಬರಿಗೆ ಉತ್ತರ ಭಾರತದಲ್ಲಿ ಬಹುಕಾಲದಿಂದಲೂ ಬೇಡಿಕೆ ಇದೆ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ 8ರಿಂದ 12 ತಿಂಗಳು ಇಟ್ಟು, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸುಲಿದು, ಒಡೆದು ಮಾರುಕಟ್ಟೆಗೆ ತರುವುದು ರೂಢಿ. ಹೀಗೆ ವರ್ಷವಿಡೀ ಕಾದು ಮಾಡಿದ ಸರಕಿನ ಧಾರಣೆ ಮಾತ್ರ ಒಂದೇ ಸಮನೆ ನಿಲ್ಲುವುದಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತುಪಡಿಸಿದ್ದರೂ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದಿತ್ತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಆಗಿದ್ದಾಗ ಮಾರುಕಟ್ಟೆಯ ಧಾರಣೆ ಅದನ್ನು ಮೀರಿ ಬಹಳ ಮೇಲೇರಿತು.

ಈ ಏರಿಳಿತದಿಂದ ಸ್ವಲ್ಪವಾದರೂ ಪಾರಾಗಲು ಕೊಬ್ಬರಿ, ಗಾಣದ ಎಣ್ಣೆ, ಕೊಬ್ಬರಿ ತುರಿ ಮುಂತಾದವನ್ನು ಚಿಕ್ಕ ಪೊಟ್ಟಣಗಳಲ್ಲಿ ಬಳಕೆದಾರರಿಗೆ ನೇರವಾಗಿ ಮಾರುವುದು ಒಂದು ದಾರಿ. ರೈತ ಉತ್ಪಾದಕ ಸಂಸ್ಥೆಗಳು, ಸ್ವಸಹಾಯ ಸಂಘಗಳು ಈ ದಾರಿ ಹಿಡಿದಾಗ ಮೊದಲು ಬರುವ ಖರ್ಚು ಜಾಹೀರಾತಿನದು. ಇಂದು ಈ ಜಾಹೀರಾತು ಹೆಚ್ಚಾಗಿ ಮೊಬೈಲ್ ಫೋನಿನ ಮೂಲಕವೇ ನಡೆಯುತ್ತದೆ. ಅದಕ್ಕೆ ಹಾಕಿದ ಹಣ ಹಿಂದಿರುಗಿತೇ ಇಲ್ಲವೇ ಎಂದು ತಿಳಿಯುವುದು ಗೊಬ್ಬರಕ್ಕೆ ಹಾಕಿದ ಹಣದ ಲೆಕ್ಕ ನೋಡುವಷ್ಟೇ ಅವಶ್ಯ. ಈ ಲೆಕ್ಕವನ್ನು ತಾನಾಗಿಯೇ ತಂದುಕೊಡುವ ತಂತ್ರಾಂಶಗಳು ಇವೆ. ಆದರೆ ತಂದ ಅಂಕಿಯ ಅರ್ಥವೇನೆಂದು ಬರೆದಿಟ್ಟ ಕೈಪಿಡಿ ಜೊತೆಗಿಲ್ಲದಿದ್ದರೆ ನಷ್ಟವೂ ಲಾಭದಂತೆ ಕಾಣಬಹುದು. ಅದು ಹೇಗೆ, ಮತ್ತು ಕೈಪಿಡಿಯಲ್ಲಿ ಏನೇನು ಇರಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಜಾಹೀರಾತು ನಡೆಯುವ ಬಗೆ

ಪತ್ರಿಕೆಯ ಜಾಹೀರಾತಿಗೆ ಅಳತೆಯಂತೆ ಒಂದು ಸಲ ಹಣ ಕೊಟ್ಟರೆ ಮುಗಿಯಿತು. ಅಂತರ್ಜಾಲದ ಜಾಹೀರಾತು ಹಾಗಲ್ಲ. ದೆಹಲಿಯ ಗೃಹಿಣಿಯೊಬ್ಬರು ತಮ್ಮ ಫೋನಿನಲ್ಲಿ ‘ಕೊಬ್ಬರಿ’ ಎಂದು ಹುಡುಕಿದ ಕ್ಷಣದಲ್ಲಿ ಆ ಪರದೆಯ ಜಾಗಕ್ಕೆ ಒಂದು ಹರಾಜು ನಡೆಯುತ್ತದೆ. ಮಾರುಕಟ್ಟೆಯಲ್ಲಿ ಒಂದೊಂದು ಲಾಟಿಗೂ ವರ್ತಕರು ಬೇರೆ ಬೇರೆ ದರ ನಮೂದಿಸುವಂತೆ, ಇಲ್ಲಿ ಜಾಹೀರಾತುದಾರರು ಮೊದಲೇ ತಿಳಿಸಿಟ್ಟ ದರಗಳನ್ನು ಯಂತ್ರವೇ ಹೋಲಿಸುತ್ತದೆ. ದರದ ಜೊತೆಗೆ ಜಾಹೀರಾತಿನ ಗುಣಮಟ್ಟವನ್ನೂ ನೋಡಿ ಯಾರದನ್ನು ತೋರಿಸಬೇಕೆಂದು ನಿರ್ಧರಿಸುತ್ತದೆ. ಹುಡುಕಾಟದ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಅದನ್ನು ಒತ್ತಿದಾಗ, ಅಂದರೆ ಕ್ಲಿಕ್ ಆದಾಗ, ಮಾತ್ರ ಹಣ ಕಳೆಯುತ್ತದೆ.

ಗೂಗಲ್ ಸಂಸ್ಥೆ ಇಂಥ ಜಾಹೀರಾತನ್ನು 2000ನೇ ಇಸವಿಯಲ್ಲಿ ‘ಆ್ಯಡ್‌ವರ್ಡ್ಸ್’ ಎಂಬ ಹೆಸರಿನಲ್ಲಿ ಆರಂಭಿಸಿತು. 2018ರಿಂದ ಅದರ ಹೆಸರು ‘ಗೂಗಲ್ ಆ್ಯಡ್ಸ್’. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿ ಕಾಣುವ ಜಾಹೀರಾತುಗಳನ್ನು ಮೆಟಾ ಸಂಸ್ಥೆ ನಡೆಸುತ್ತದೆ. ಒಂದು ಉದ್ದೇಶಕ್ಕಾಗಿ, ಗೊತ್ತಾದ ಹಣದ ಮಿತಿಯಲ್ಲಿ, ಗೊತ್ತಾದ ಊರುಗಳಿಗೆ ನಡೆಸುವ ಜಾಹೀರಾತಿನ ಗುಂಪಿಗೆ ‘ಕ್ಯಾಂಪೇನ್’ ಎಂದು ಹೆಸರು. ದೀಪಾವಳಿಗೆ ಉತ್ತರ ಭಾರತಕ್ಕೆ ಕೊಬ್ಬರಿ ಮಾರಲು ಒಂದು, ಬೆಂಗಳೂರಿಗೆ ಎಣ್ಣೆ ಮಾರಲು ಇನ್ನೊಂದು, ಹೀಗೆ ಒಂದೇ ಸಂಘಕ್ಕೆ ಹಲವು ಕ್ಯಾಂಪೇನ್‌ಗಳು ಇರಬಹುದು.

ತಂತ್ರಾಂಶ ಮಾಡುವ ಕೆಲಸ

ಪ್ರತಿ ಕ್ಯಾಂಪೇನಿಗೂ ದಿನದಿನದ ಲೆಕ್ಕ ಆಯಾ ಸಂಸ್ಥೆಯ ಗಣಕಯಂತ್ರದಲ್ಲಿ ಇರುತ್ತದೆ. ಅದನ್ನು ಖಾತೆ ತೆರೆದು ಕಣ್ಣಿನಿಂದ ನೋಡಬಹುದು. ಬೇರೆ ತಂತ್ರಾಂಶಗಳು ಬಂದು ಕೇಳಿ ಪಡೆಯಲು ಒಂದು ಪ್ರತ್ಯೇಕ ಕಿಟಕಿಯೂ ಇದೆ. ಅದಕ್ಕೆ ‘ಎ.ಪಿ.ಐ.’ ಎನ್ನುತ್ತಾರೆ. ಲೆಕ್ಕ ತರುವ ತಂತ್ರಾಂಶ ಪ್ರತಿದಿನ ಬೆಳಿಗ್ಗೆ ಈ ಕಿಟಕಿಗೆ ಹೋಗಿ ನಾಲ್ಕು ಸಂಗತಿ ತಿಳಿಸುತ್ತದೆ: ತನ್ನ ಗುರುತಿನ ಕೀಲಿ, ಯಾವ ಖಾತೆ, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಯಾವ ಅಂಕಿಗಳು. ಬಂದ ಉತ್ತರವನ್ನು ಸಂಘದ ಲೆಕ್ಕದ ಹಾಳೆಯಲ್ಲಿ ಸಾಲುಸಾಲಾಗಿ ಬರೆಯುತ್ತದೆ.

ಒಂದೇ ಖಾತೆ, ಒಂದೆರಡು ಕ್ಯಾಂಪೇನ್ ಇರುವ ಸಣ್ಣ ಸಂಘಕ್ಕೆ ಇದರ ಅಗತ್ಯವಿಲ್ಲ. ವಾರಕ್ಕೊಮ್ಮೆ ಖಾತೆಯಿಂದ ವರದಿ ಇಳಿಸಿಕೊಂಡರೆ ಸಾಕು. ಎರಡು ಮೂರು ಖಾತೆಗಳಿದ್ದು, ಅವುಗಳನ್ನು ದಾಸ್ತಾನು ಪುಸ್ತಕದೊಂದಿಗೆ ಹೋಲಿಸಬೇಕಾದಾಗ ತಂತ್ರಾಂಶದಿಂದ ಅನುಕೂಲವಿದೆ. ಅಟ್ಟದಲ್ಲಿ ಕಾಯಿ ಇನ್ನೂ ಕೊಬ್ಬರಿಯಾಗದೆ, ಪೊಟ್ಟಣಗಳ ದಾಸ್ತಾನು ಮುಗಿದಿದ್ದರೂ ಜಾಹೀರಾತು ತಾನಾಗಿ ನಿಲ್ಲುವುದಿಲ್ಲ. ಖರ್ಚು ಮತ್ತು ದಾಸ್ತಾನು ಒಂದೇ ಹಾಳೆಯಲ್ಲಿ ಕಂಡರೆ ಸಕಾಲದಲ್ಲಿ ನಿಲ್ಲಿಸಬಹುದು.

ಇಂಥ ತಂತ್ರಾಂಶವನ್ನು ಸಾಮಾನ್ಯವಾಗಿ ಗಣಕಯಂತ್ರ ಬಲ್ಲ ಯುವಕನೋ ಯುವತಿಯೋ ಜೋಡಿಸಿಕೊಡುತ್ತಾರೆ. ಅವರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕ ಮೇಲೆ ತಂತ್ರಾಂಶ ಉಳಿಯುತ್ತದೆ, ತಿಳಿವಳಿಕೆ ಉಳಿಯುವುದಿಲ್ಲ. ಆದ್ದರಿಂದ ಜೋಡಿಸುವಾಗಲೇ ಕನ್ನಡದಲ್ಲಿ ಕೈಪಿಡಿ ಬರೆಸಿಕೊಳ್ಳತಕ್ಕದ್ದು.

ಕೈಪಿಡಿಯಲ್ಲಿ ಇರಬೇಕಾದ ಅಂಶಗಳು

1. ಖಾತೆ ಮತ್ತು ಹೆಸರು: ಯಾವ ಯಾವ ಖಾತೆಗಳಿಂದ ಲೆಕ್ಕ ಬರುತ್ತದೆ, ಖಾತೆ ಯಾರ ಹೆಸರಿನಲ್ಲಿದೆ ಎಂದು ಬರೆಯಬೇಕು. ಗೂಗಲ್ ಆ್ಯಡ್ಸ್ ಖಾತೆಯ ಸಂಖ್ಯೆಯಲ್ಲಿ 10 ಅಂಕಿಗಳಿರುತ್ತವೆ. ಪರದೆಯ ಮೇಲೆ ನಡುವೆ ಅಡ್ಡಗೆರೆಗಳೊಂದಿಗೆ ಕಾಣುತ್ತದೆ. ತಂತ್ರಾಂಶಕ್ಕೆ ಕೊಡುವಾಗ ಅಡ್ಡಗೆರೆ ಇರಬಾರದು. ಕ್ಯಾಂಪೇನಿಗೆ ಹೆಸರಿಡುವ ಕ್ರಮವನ್ನೂ ನಿಗದಿ ಮಾಡಬೇಕು. ‘ಕೊಬ್ಬರಿ-ದೆಹಲಿ-ದೀಪಾವಳಿ’ ಎಂದರೆ ಯಾರಿಗಾದರೂ ತಿಳಿಯುತ್ತದೆ. ‘ಕ್ಯಾಂಪೇನ್ 7’ ಎಂದರೆ ಆರು ತಿಂಗಳ ಮೇಲೆ ಇಟ್ಟವರಿಗೂ ತಿಳಿಯದು.

2. ದಿನದ ಎಲ್ಲೆ: ಮಳೆಮಾಪಕದ ಲೆಕ್ಕದಲ್ಲಿ ಬೆಳಿಗ್ಗೆ 8-30ಕ್ಕೆ ಅಳೆದದ್ದು ಹಿಂದಿನ 24 ಗಂಟೆಗಳ ಮಳೆ ಎಂಬುದು ರೈತರಿಗೆ ಗೊತ್ತು. ನಿನ್ನೆ ಸಂಜೆ ಬಿದ್ದ ಮಳೆ ಇಂದಿನ ತಾರೀಖಿನಲ್ಲಿ ದಾಖಲಾಗುತ್ತದೆ. ಜಾಹೀರಾತಿನ ದಿನವೂ ಖಾತೆಗೆ ಗೊತ್ತುಮಾಡಿದ ಸಮಯವಲಯದಂತೆ ನಡೆಯುತ್ತದೆ. ಅಲ್ಲಿ ಭಾರತೀಯ ಕಾಲಮಾನದ ಬದಲು ಅಮೆರಿಕದ ಕಾಲಮಾನ ಇದ್ದರೆ, ಇಲ್ಲಿಯ ಬೆಳಗಿನ ಖರ್ಚು ಹಿಂದಿನ ತಾರೀಖಿಗೆ ಸೇರುತ್ತದೆ. ಆಗ ದಾಸ್ತಾನು ಪುಸ್ತಕದ ತಾರೀಖಿಗೂ ಜಾಹೀರಾತಿನ ತಾರೀಖಿಗೂ ತಾಳೆಯಾಗದು.

3. ಅಳತೆಯ ಮಾನ: ಮಣ್ಣು ಪರೀಕ್ಷೆಯ ವರದಿಯಲ್ಲಿ ಸಾರಜನಕವನ್ನು ಹೆಕ್ಟೇರಿಗೆ ಇಷ್ಟು ಕಿಲೋಗ್ರಾಂ ಎಂದು ಕೊಟ್ಟಿದ್ದನ್ನು ಎಕರೆಗೆ ಎಂದು ಓದಿದರೆ ಸುಮಾರು ಎರಡೂವರೆ ಪಟ್ಟು ತಪ್ಪಾಗುತ್ತದೆ. ಇಲ್ಲಿಯ ತಪ್ಪು ಇನ್ನೂ ದೊಡ್ಡದು. ಗೂಗಲ್ ಆ್ಯಡ್ಸ್‌ನ ಎ.ಪಿ.ಐ. ಖರ್ಚನ್ನು ರೂಪಾಯಿಯಲ್ಲಿ ಕೊಡದೆ ‘ಮೈಕ್ರೊ’ ಎಂಬ ಮಾನದಲ್ಲಿ ಕೊಡುತ್ತದೆ. ಒಂದು ರೂಪಾಯಿಗೆ 10 ಲಕ್ಷ ಮೈಕ್ರೊ. ಹಾಗಾಗಿ 6,000 ರೂಪಾಯಿ ಖರ್ಚು 600 ಕೋಟಿ ಎಂಬ ಅಂಕಿಯಾಗಿ ಬರುತ್ತದೆ. ಮೆಟಾ ಸಂಸ್ಥೆಯ ವರದಿಯಲ್ಲಿ ಖರ್ಚು ಖಾತೆಯ ಹಣದಲ್ಲೇ, ಅಂದರೆ ರೂಪಾಯಿಯಲ್ಲೇ ಬರುತ್ತದೆ. ಯಾವುದನ್ನು ಎಷ್ಟರಿಂದ ಭಾಗಿಸಲಾಗಿದೆ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿರಬೇಕು. ಗೂಗಲ್ ವರದಿಯ ಖರ್ಚಿನಲ್ಲಿ ಶೇಕಡಾ 18ರ ಜಿ.ಎಸ್.ಟಿ. ಸೇರಿರುವುದಿಲ್ಲ ಎಂಬುದನ್ನೂ ಬರೆಯತಕ್ಕದ್ದು.

4. ಪದಗಳ ಅರ್ಥ: ‘ಇಂಪ್ರೆಷನ್’ ಎಂದರೆ ಜಾಹೀರಾತು ಪರದೆಯ ಮೇಲೆ ಕಾಣಿಸಿಕೊಂಡ ಸಲ. ಇದು ಜನರ ಸಂಖ್ಯೆಯಲ್ಲ, ಒಬ್ಬರಿಗೇ ಐದು ಸಲ ಕಂಡರೆ ಐದು ಎಂದೇ ಲೆಕ್ಕ. ‘ಕ್ಲಿಕ್’ ಎಂದರೆ ಅದನ್ನು ಒತ್ತಿದ ಸಲ. ‘ಕನ್ವರ್ಷನ್’ ಎಂದರೆ ಸಂಘವೇ ಗೊತ್ತುಮಾಡಿದ ಫಲ. ಇಲ್ಲಿಯೇ ಹೆಚ್ಚು ಗೊಂದಲ. ಒಂದು ಸಂಘ ಹಣ ಪಾವತಿಯಾದ ಬೇಡಿಕೆಯನ್ನು ಕನ್ವರ್ಷನ್ ಎಂದಿರಬಹುದು, ಇನ್ನೊಂದು ಫೋನ್ ಕರೆಯನ್ನೇ ಕನ್ವರ್ಷನ್ ಎಂದಿರಬಹುದು. ಅಂಕಿ ಎರಡಕ್ಕೂ ಒಂದೇ ತೆರನಾಗಿ ಕಾಣುತ್ತದೆ. ತಮ್ಮ ಖಾತೆಯಲ್ಲಿ ಯಾವುದನ್ನು ಎಣಿಸಲಾಗುತ್ತಿದೆ ಎಂಬ ಒಂದು ವಾಕ್ಯ ಕೈಪಿಡಿಯಲ್ಲಿ ಇರಲೇಬೇಕು.

5. ತಡವಾಗಿ ಬದಲಾಗುವ ಅಂಕಿಗಳು: ಗ್ರಾಹಕರು 1ನೇ ತಾರೀಖು ಕ್ಲಿಕ್ ಮಾಡಿ 12ನೇ ತಾರೀಖು ಕೊಂಡರೆ, ಗೂಗಲ್‌ನ ಸಾಮಾನ್ಯ ಲೆಕ್ಕದಲ್ಲಿ ಆ ಮಾರಾಟ 1ನೇ ತಾರೀಖಿಗೇ ಸೇರುತ್ತದೆ. ಬೇರೆ ಏನೂ ಆರಿಸದಿದ್ದರೆ ಕ್ಲಿಕ್ ಆದ ಮೇಲೆ 30 ದಿನಗಳವರೆಗೆ ಹೀಗೆ ಸೇರಬಹುದು. ಆದ್ದರಿಂದ 2ನೇ ತಾರೀಖು ತಂದ ಅಂಕಿ ಕೊನೆಯ ಅಂಕಿಯಲ್ಲ. ತಂತ್ರಾಂಶ ಪ್ರತಿದಿನವೂ ಹಿಂದಿನ 30 ದಿನಗಳ ಲೆಕ್ಕವನ್ನು ಮತ್ತೆ ತಂದು ಹಳೆಯ ಸಾಲುಗಳನ್ನು ಅಳಿಸಿ ಹೊಸದನ್ನು ಬರೆಯಬೇಕು. ಅಳಿಸದೆ ಕೆಳಗೆ ಸೇರಿಸುತ್ತಾ ಹೋದರೆ ಒಂದೇ ದಿನದ ಖರ್ಚು 30 ಸಲ ಕೂಡಿಕೊಳ್ಳುತ್ತದೆ.

6. ಕೂಡಿಸಬಾರದ ಅಂಕಿಗಳು: ಉದಾಹರಣೆಗೆ, 5 ಕ್ವಿಂಟಾಲ್ ಕೊಬ್ಬರಿ 14,000 ರೂಪಾಯಿಗೂ, 45 ಕ್ವಿಂಟಾಲ್ 12,000 ರೂಪಾಯಿಗೂ ಹೋದರೆ ಸರಾಸರಿ ಧಾರಣೆ 13,000 ಅಲ್ಲ, 12,200. ಇದೇ ರೀತಿ ದಿನದಿನದ ಶೇಕಡಾವಾರು ಕ್ಲಿಕ್‌ಗಳ ಸರಾಸರಿ ತೆಗೆಯಬಾರದು. ಒಟ್ಟು ಕ್ಲಿಕ್‌ಗಳನ್ನು ಒಟ್ಟು ಇಂಪ್ರೆಷನ್‌ಗಳಿಂದ ಭಾಗಿಸಬೇಕು. ಮೆಟಾ ವರದಿಯ ‘ರೀಚ್’ ಎಂಬುದು ಜಾಹೀರಾತನ್ನು ಒಮ್ಮೆಯಾದರೂ ಕಂಡವರ ಸಂಖ್ಯೆ. ಸೋಮವಾರ ಕಂಡವರೇ ಮಂಗಳವಾರವೂ ಕಂಡಿರಬಹುದಾದ್ದರಿಂದ ದಿನದಿನದ ರೀಚ್ ಕೂಡಿಸಿದರೆ ತಪ್ಪು. ಎರಡು ಸಂಸ್ಥೆಗಳ ಕನ್ವರ್ಷನ್‌ಗಳನ್ನು ಕೂಡಿಸುವುದೂ ಸರಿಯಲ್ಲ. ಒಬ್ಬ ಗ್ರಾಹಕ ಫೇಸ್‌ಬುಕ್‌ನಲ್ಲಿ ನೋಡಿ, ಗೂಗಲ್‌ನಲ್ಲಿ ಹುಡುಕಿ ಕೊಂಡರೆ ಇಬ್ಬರೂ ಅದೇ ಮಾರಾಟವನ್ನು ತಮ್ಮದೆಂದು ಬರೆದುಕೊಳ್ಳುತ್ತಾರೆ.

7. ಸೊನ್ನೆ ಮತ್ತು ಖಾಲಿ: ಮಳೆ ಬಾರದ ದಿನ ಸೊನ್ನೆ ಬರೆಯುತ್ತಾರೆ. ಅಳೆಯದ ದಿನ ಖಾಲಿ ಬಿಡುತ್ತಾರೆ. ಎರಡೂ ಒಂದೇ ಅಲ್ಲ. ದಿನವಾರು ಲೆಕ್ಕ ಕೇಳಿದಾಗ, ಜಾಹೀರಾತು ಒಮ್ಮೆಯೂ ಕಾಣಿಸದ ದಿನಕ್ಕೆ ಗೂಗಲ್‌ನ ಎ.ಪಿ.ಐ. ಸೊನ್ನೆಯ ಸಾಲನ್ನು ಕಳಿಸುವುದಿಲ್ಲ, ಆ ಸಾಲೇ ಬರುವುದಿಲ್ಲ. ತಂತ್ರಾಂಶ ಕೆಟ್ಟು ನಿಂತ ದಿನವೂ ಸಾಲು ಬರುವುದಿಲ್ಲ. ಇವೆರಡನ್ನು ಬೇರ್ಪಡಿಸಲು, ತಂತ್ರಾಂಶ ಪ್ರತಿದಿನ ‘ಇಷ್ಟು ಗಂಟೆಗೆ ಹೋಗಿ ಬಂದಿದ್ದೇನೆ, ಇಷ್ಟು ಸಾಲು ಸಿಕ್ಕಿವೆ’ ಎಂಬ ಗುರುತನ್ನು ಬೇರೆ ಹಾಳೆಯಲ್ಲಿ ಬರೆಯುವಂತೆ ಮಾಡಿಸಬೇಕು.

8. ಕೀಲಿಗಳ ರಕ್ಷಣೆ: ತಂತ್ರಾಂಶ ಬಳಸುವ ಗುರುತಿನ ಕೀಲಿಗೆ ‘ಟೋಕನ್’ ಎಂದು ಹೆಸರು. ಅದನ್ನು ಕೈಪಿಡಿಯಲ್ಲಿ ಬರೆಯಬಾರದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಲೂ ಬಾರದು. ಎಲ್ಲಿ ಇಡಲಾಗಿದೆ, ಯಾರ ವಶದಲ್ಲಿದೆ ಎಂದಷ್ಟೇ ಬರೆಯಬೇಕು. ಗೂಗಲ್ ಆ್ಯಡ್ಸ್ ಖಾತೆಯಲ್ಲಿ ‘ಓದಲು ಮಾತ್ರ’ ಎಂಬ ಅಧಿಕಾರ ಕೊಡುವ ಅವಕಾಶವಿದೆ. ಲೆಕ್ಕ ತರಲು ಅಷ್ಟೇ ಸಾಕು. ಪೂರ್ಣ ಅಧಿಕಾರದ ಕೀಲಿ ಪರರ ಕೈಗೆ ಸಿಕ್ಕರೆ ಅವರು ಸಂಘದ ಹಣದಲ್ಲಿ ತಮ್ಮ ಜಾಹೀರಾತು ನಡೆಸಬಹುದು.

9. ನಿಂತಾಗ ಏನು ಮಾಡಬೇಕು: ಗೂಗಲ್‌ನಲ್ಲಿ ತಂತ್ರಾಂಶವನ್ನು ‘ಪರೀಕ್ಷಾ’ ಸ್ಥಿತಿಯಲ್ಲೇ ನೋಂದಾಯಿಸಿ ಬಿಟ್ಟರೆ ಟೋಕನ್ 7 ದಿನಗಳಲ್ಲಿ ತೀರುತ್ತದೆ. ಒಂದು ವಾರ ಚೆನ್ನಾಗಿ ನಡೆದು ನಿಂತರೆ ಮೊದಲು ಇದನ್ನು ನೋಡಬೇಕು. ಎ.ಪಿ.ಐ.ಯ ಹಳೆಯ ಆವೃತ್ತಿಗಳನ್ನು ಸಂಸ್ಥೆಗಳು ಕಾಲಕಾಲಕ್ಕೆ ಮುಚ್ಚುತ್ತವೆ. ಆ್ಯಡ್‌ವರ್ಡ್ಸ್ ಕಾಲದ ಎ.ಪಿ.ಐ. 2022ರ ಏಪ್ರಿಲ್‌ನಲ್ಲಿ ಮುಚ್ಚಿದಾಗ ಅದನ್ನು ನಂಬಿದ್ದ ತಂತ್ರಾಂಶಗಳು ಲೆಕ್ಕ ತರದಾದವು. ಆದ್ದರಿಂದ ಯಾವ ಆವೃತ್ತಿ ಬಳಸಲಾಗಿದೆ, ಕೊನೆಯ ಸಲ ಬದಲಿಸಿದ್ದು ಯಾವಾಗ ಎಂಬುದನ್ನು ಬರೆದಿಡಬೇಕು.

ಒಂದು ಲೆಕ್ಕದ ಉದಾಹರಣೆ

ಒಂದು ಸಂಘ ಒಂದು ತಿಂಗಳು ಕೊಬ್ಬರಿ ಎಣ್ಣೆಗೆ ಜಾಹೀರಾತು ಕೊಟ್ಟಿತೆಂದು ಇಟ್ಟುಕೊಳ್ಳಬಹುದು. ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಮಾತ್ರ.

ತಂತ್ರಾಂಶ ತಂದ ಅಂಕಿಗಳು:
ಇಂಪ್ರೆಷನ್ 40,000
ಕ್ಲಿಕ್ 1,200
ಕನ್ವರ್ಷನ್ 60
ಖರ್ಚು 6,000 ರೂಪಾಯಿ

ಇದರಂತೆ ಒಂದು ಕ್ಲಿಕ್ಕಿಗೆ 5 ರೂಪಾಯಿ, ಒಂದು ಬೇಡಿಕೆಗೆ 100 ರೂಪಾಯಿ ಬೀಳುತ್ತದೆ. ಕಾಯಿ, ಗಾಣ, ಬಾಟಲಿ, ಸಾಗಣೆ ಎಲ್ಲ ಕಳೆದು, ಜಾಹೀರಾತಿನ ಖರ್ಚಿಗೆ ಮೊದಲು ಒಂದು ಪಾರ್ಸೆಲ್ಲಿಗೆ 130 ರೂಪಾಯಿ ಉಳಿಯುವುದಾದರೆ, ಪಾರ್ಸೆಲ್ಲಿಗೆ 30 ರೂಪಾಯಿಯಂತೆ 60ಕ್ಕೆ 1,800 ರೂಪಾಯಿ ಲಾಭ ಎಂದು ತೋರುತ್ತದೆ. ಮುಂದಿನ ತಿಂಗಳು ಜಾಹೀರಾತನ್ನು ದುಪ್ಪಟ್ಟು ಮಾಡಲು ಆಡಳಿತ ಮಂಡಳಿಗೆ ಮನಸ್ಸಾಗುವುದು ಸಹಜ.

ಈಗ ಕೈಪಿಡಿ ಹೇಳಿದಂತೆ ದಾಸ್ತಾನು ಪುಸ್ತಕವನ್ನು ಪಕ್ಕದಲ್ಲಿಟ್ಟು ನೋಡಬೇಕು. ಖರ್ಚಿಗೆ ಶೇಕಡಾ 18ರಂತೆ ಜಿ.ಎಸ್.ಟಿ. 1,080 ಸೇರಿದರೆ 7,080 ರೂಪಾಯಿ. ಇಲ್ಲಿ ಕನ್ವರ್ಷನ್ ಎಂದರೆ ಬೇಡಿಕೆ ಸಲ್ಲಿಸಿದ್ದು ಮಾತ್ರ, ಹಣ ಬಂದದ್ದಲ್ಲ. ಸರಕು ತಲುಪಿದ ಮೇಲೆ ಹಣ ಎಂಬ ಕ್ರಮದಲ್ಲಿ 60ರಲ್ಲಿ 48 ಪಾರ್ಸೆಲ್‌ಗಳಿಗೆ ಹಣ ಬಂದು, 12 ಹಿಂದಿರುಗಿವೆ. 48 ಪಾರ್ಸೆಲ್ಲಿಗೆ 130ರಂತೆ 6,240 ರೂಪಾಯಿ. ಅದರಲ್ಲಿ ಜಾಹೀರಾತಿನ 7,080 ಕಳೆದರೆ 840 ರೂಪಾಯಿ ನಷ್ಟ. ಹಿಂದಿರುಗಿದ 12ಕ್ಕೆ ಹೋಗಿ ಬರುವ ಸಾಗಣೆ ತಲಾ 60 ರೂಪಾಯಿಯಾದರೆ ಇನ್ನೂ 720. ಒಟ್ಟು ನಷ್ಟ 1,560 ರೂಪಾಯಿ.

ತಂತ್ರಾಂಶ ಯಾವ ಅಂಕಿಯನ್ನೂ ತಪ್ಪಾಗಿ ತಂದಿಲ್ಲ. ಆದರೂ 1,800 ಲಾಭ ಎಂದುಕೊಂಡದ್ದು 1,560 ನಷ್ಟವಾಗಿದೆ. ಇದನ್ನು ತಿಳಿಯದೆ ಜಾಹೀರಾತನ್ನು ದುಪ್ಪಟ್ಟು ಮಾಡಿದರೆ ನಷ್ಟವೂ ಹೆಚ್ಚುತ್ತದೆ. ಅದು ಸದಸ್ಯರ ಕಾಯಿಯ ಹಣದಿಂದಲೇ ಹೋಗುತ್ತದೆ. ಹಾಗೆಂದು ಜಾಹೀರಾತೇ ಬೇಡವೆಂದೂ ಅಲ್ಲ. ಮುಂಗಡ ಹಣ ಕೊಟ್ಟವರಿಗೆ ಸ್ವಲ್ಪ ರಿಯಾಯಿತಿ ಕೊಟ್ಟು ಹಿಂದಿರುಗುವ ಪಾರ್ಸೆಲ್‌ಗಳನ್ನು ಕಡಿಮೆ ಮಾಡಬಹುದು. ಒಮ್ಮೆ ಕೊಂಡವರು ಜಾಹೀರಾತಿಲ್ಲದೆ ಮತ್ತೆ ಕೊಳ್ಳುತ್ತಿದ್ದರೆ ಅದನ್ನೂ ಪುಸ್ತಕದಲ್ಲಿ ಬೇರೆಯಾಗಿ ಬರೆದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಂಘ ಜಿ.ಎಸ್.ಟಿ. ನೋಂದಣಿ ಹೊಂದಿದ್ದರೆ ಕಟ್ಟಿದ ತೆರಿಗೆಯನ್ನು ಜಮೆ ಪಡೆಯುವ ಬಗ್ಗೆ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು.

ಕೈಪಿಡಿಯನ್ನು ಪರೀಕ್ಷಿಸುವ ಕ್ರಮ

ಕೈಪಿಡಿ ನಾಲ್ಕೈದು ಪುಟಗಳನ್ನು ಮೀರಬೇಕಿಲ್ಲ. ಬರೆದು ಮುಗಿದ ಮೇಲೆ ಎರಡು ಪರೀಕ್ಷೆ ಮಾಡುವುದು ಅವಶ್ಯ.

ಮೊದಲನೆಯದಾಗಿ, ತಂತ್ರಾಂಶವನ್ನು ಜೋಡಿಸಿದವರಲ್ಲದೆ ಬೇರೊಬ್ಬರು, ಸಂಘದ ಗುಮಾಸ್ತರೋ ಕಾರ್ಯದರ್ಶಿಯೋ, ಕೈಪಿಡಿಯನ್ನು ಮಾತ್ರ ಓದಿ ಒಂದು ವಾರದ ಲೆಕ್ಕ ತರಿಸಬೇಕು. ಅವರು ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಅಲ್ಲಿ ಕೈಪಿಡಿಯಲ್ಲಿ ಕೊರತೆ ಇದೆ ಎಂದು ತಿಳಿದು ಅದನ್ನು ತುಂಬಬೇಕು.

ಎರಡನೆಯದಾಗಿ, ತಿಂಗಳಿಗೊಮ್ಮೆ ಯಾವುದಾದರೂ ಒಂದು ದಿನವನ್ನು ಆರಿಸಿ, ತಂತ್ರಾಂಶ ತಂದ ಖರ್ಚು ಮತ್ತು ಕ್ಲಿಕ್‌ಗಳನ್ನು ಖಾತೆಯ ಪರದೆಯಲ್ಲಿ ಕಾಣುವ ಅಂಕಿಗಳೊಂದಿಗೆ ತಾಳೆ ನೋಡಬೇಕು. ಅಂದಂದಿನ ಅಂಕಿಗಳು ಇನ್ನೂ ಸೇರುತ್ತಿರುವುದರಿಂದ ಕಳೆದ ತಿಂಗಳ ದಿನವನ್ನು ಆರಿಸುವುದು ಮೇಲು. ತಾಳೆ ನೋಡಿದ ತಾರೀಖು ಮತ್ತು ನೋಡಿದವರ ಸಹಿ ಕೈಪಿಡಿಯ ಕೊನೆಯ ಪುಟದಲ್ಲಿರಲಿ.

ವಿಸ್ತರಣಾ ಕಾರ್ಯಕರ್ತರು ಉತ್ಪಾದಕರ ಸಂಘಗಳಿಗೆ ಭೇಟಿ ಕೊಟ್ಟಾಗ ದಾಸ್ತಾನು ಪುಸ್ತಕ, ನಗದು ಪುಸ್ತಕಗಳ ಜೊತೆಗೆ ಈ ಕೈಪಿಡಿಯನ್ನೂ ಕೇಳಿ ನೋಡುವ ಅಭ್ಯಾಸ ಇಟ್ಟುಕೊಂಡರೆ ಉಪಕಾರವಾಗುತ್ತದೆ. ಆಡಳಿತ ಮಂಡಳಿಯ ಸಭೆಯಲ್ಲಿ ಜಾಹೀರಾತಿನ ಹಣ ಹೆಚ್ಚಿಸುವ ವಿಷಯ ಬಂದಾಗ ಸದಸ್ಯರು ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು: ಕನ್ವರ್ಷನ್ ಎಂದರೆ ಇಲ್ಲಿ ಏನನ್ನು ಎಣಿಸಿದ್ದಾರೆ? ಖರ್ಚಿನಲ್ಲಿ ತೆರಿಗೆ ಸೇರಿದೆಯೇ? ಎಷ್ಟು ಪಾರ್ಸೆಲ್ಲಿಗೆ ನಿಜವಾಗಿ ಹಣ ಬಂದಿದೆ? ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ದೊರೆಯುವವರೆಗೆ ಹಣದ ಮಿತಿಯನ್ನು ಇದ್ದಂತೆಯೇ ಇಡುವುದು ಕ್ಷೇಮ.